ಮಾವನವರ ಹೆಸರಿನ ಮಗ

ನೌಕರಿ ಇದ್ದಷ್ಟು ಕಾಲ ಬೆಳಿಗ್ಗೆ ಎದ್ದು ಹೆಸರು ಕೂಗುವುದೇ ನನ್ನ ಕೆಲಸವಾಗಿತ್ತು. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿ ಕಡೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ಅರ್ಧ ದಾರಿಯ ಒಂದು ಹಳ್ಳಿಯಲ್ಲಿ ಇಳಿದು, ಸೆರಗಿನ ಧೂಳು ಕೊಡವಿ, ಒಂದು ಕಾಲು ಕುಂಟುವ ಕುರ್ಚಿಯಲ್ಲಿ ಕೂತು ಒಂದನೇ ಕ್ಲಾಸಿನ ಹಾಜರಿ ತೆಗೆಯುತ್ತಿದ್ದೆ. ಆ ಸೀಮೆಯ ಅರ್ಧ ಹೆಸರುಗಳು ನನ್ನ ಬಾಯಲ್ಲಿ ಸವೆದುಹೋಗಿವೆ. ಒಂದು ಹೆಸರು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಅದು ನಮ್ಮ ಮಾವನವರ ಹೆಸರು. ಆಮೇಲೆ ಅದೇ ನನ್ನ ಮಗನ ಹೆಸರೂ ಆಯಿತು. ಅಲ್ಲಿಂದ ನನ್ನ ಪೀಕಲಾಟ ಶುರುವಾಯಿತು.

ಗಂಡನ ಹೆಸರು, ಮಾವನ ಹೆಸರು ಹೆಂಗಸರು ಬಾಯಿಬಿಟ್ಟು ಹೇಳಬಾರದು ಅನ್ನುವುದನ್ನು ಆಗ ನಮ್ಮ ಕಡೆ ಯಾರೂ ಕೂರಿಸಿಕೊಂಡು ಕಲಿಸುತ್ತಿರಲಿಲ್ಲ, ನೋಡಿ ನೋಡಿ ಬಂದುಬಿಡುತ್ತಿತ್ತು. ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆ ಅಂತ ಯಾರಾದರೂ ಅಂದರೆ ನಾನು ನಗುತ್ತಿದ್ದೆ, ಓದಿದವಳು ಅನ್ನುವ ಜಂಬ ಬೇರೆ. ಆದರೆ ನಂಬದಿದ್ದರೇನು, ನಾಲಿಗೆ ಕೇಳಬೇಕಲ್ಲ. ಬರೆಯಲು ಅಡ್ಡಿ ಇರಲಿಲ್ಲ. ಕೈಗೆ ಆ ಕಟ್ಟು ಇರಲಿಲ್ಲ, ಬಾಯಿಗೆ ಮಾತ್ರ. ನಮ್ಮ ಮಾವನವರದು ಊರ ದೇವರ ಹೆಸರು. ಕೊಟ್ಟೂರಿನ ಸುತ್ತಮುತ್ತ ಒಂದು ಕಲ್ಲು ಎಸೆದರೆ ಆ ಹೆಸರಿನ ಇಬ್ಬರಿಗಾದರೂ ತಗಲುತ್ತದೆ. ನನ್ನ ಕ್ಲಾಸಿನಲ್ಲೂ ಪ್ರತಿ ವರ್ಷ ಒಬ್ಬಿಬ್ಬರು ಇದ್ದೇ ಇರುತ್ತಿದ್ದರು. ಅವರನ್ನು ಮನೆತನದ ಹೆಸರು ಹಿಡಿದು ಕರೆದು ಪಾರಾಗುತ್ತಿದ್ದೆ. ಮಕ್ಕಳಿಗೆ ಅದೇನೂ ವಿಚಿತ್ರ ಅನಿಸುತ್ತಿರಲಿಲ್ಲ, ಅವರ ಅವ್ವಂದಿರೂ ಅದನ್ನೇ ಮಾಡುತ್ತಿದ್ದರು.

ನಮ್ಮತ್ತೆ ನನಗಿಂತ ಗಟ್ಟಿ. ಅವರು ಗಂಡನ ಹೆಸರಿರಲಿ, ಊರಿನ ಹೆಸರನ್ನೂ ಹೇಳುತ್ತಿರಲಿಲ್ಲ, ಗಂಡನ ಹೆಸರಿನ ಮೊದಲರ್ಧ ಅದರಲ್ಲಿ ಬರುತ್ತದಲ್ಲ ಅಂತ. ಒಂದು ಸಲ ಮಗಳ ಮನೆಗೆ ಹಡಗಲಿಗೆ ಹೋದವರು ಒಬ್ಬರೇ ಕೂಡ್ಲಿಗಿ ಬಸ್ಸು ಹತ್ತಿ ವಾಪಸ್ಸು ಬಂದರು. ಕಂಡಕ್ಟರ್ "ಎಲ್ಲಿಗ್ರಿ?" ಅಂದರೆ ಇವರು "ಕೂಡ್ಲಿಗಿಗಿಂತ ಮೊದ್ಲ ಬರ್ತೈತಲ್ಲ, ಆ ಊರಿಗೆ" ಅಂದಿದ್ದಾರೆ. ಕೂಡ್ಲಿಗಿಗಿಂತ ಮೊದಲು ಊರು ಒಂದಾ ಎರಡಾ? "ಹೆಸರು ಹೇಳ್ರಿ ಅಮ್ಮಾ" ಅಂದರೆ "ಹೇಳಂಗಿಲ್ಲಪ್ಪಾ" ಅಂದಿದ್ದಾರೆ. ಅವನೂ ಬೇಸತ್ತು ಕೂಡ್ಲಿಗಿಗೇ ಚೀಟಿ ಹರಿದು ಕೊಟ್ಟ. ಮನೆಗೆ ಬಂದು ಆ ಚೀಟಿ ತೋರಿಸಿ, ಮುಂದಿನ ಊರಿನವರೆಗೂ ರೊಕ್ಕ ಕೊಟ್ಟು ನಡುವೆ ಇಳಿದೆ ಅಂತ ತಾವೇ ನಕ್ಕರು. ಮಾವನವರು ಮಾತ್ರ ನಗಲಿಲ್ಲ. "ಹೇಳಿದ್ರ ನಾ ಏನು ಸಾಯ್ತಿದ್ದೆನಾ?" ಅಂದರು. ಅತ್ತೆ ಅದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು.

ಮಾವನವರು ಮಂಡಿಯಲ್ಲಿ ಶೇಂಗಾ ತೂಕ ಹಾಕುತ್ತಿದ್ದವರು. ತೂಕದವರು ಒಂದು ಅನ್ನುವುದಿಲ್ಲ, ಲಾಭ ಅಂತ ಎಣಿಕೆ ಶುರುಮಾಡುತ್ತಾರೆ. ಲಾಭ, ಎರಡು, ಮೂರು. ಮನೆಯಲ್ಲಿ ಅತ್ತೆಯೂ ರೊಟ್ಟಿಯನ್ನು ಹಾಗೇ ಎಣಿಸುತ್ತಿದ್ದರು. ಮಾವನವರದು ಮಾತು ಕಡಿಮೆ. ನಾನು ಮದುವೆಯಾಗಿ ಬಂದ ಮೇಲೆ ನೌಕರಿ ಬಿಡಬೇಕೋ ಬೇಡವೋ ಅನ್ನುವ ಮಾತು ಎದ್ದಾಗ, ಏನೂ ಹೇಳದೆ ಮರುದಿನ ನನ್ನ ಚೀಲ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಬಂದರು. ಚರ್ಚೆ ಅಲ್ಲಿಗೆ ಮುಗಿಯಿತು. ನನ್ನನ್ನು "ಟೀಚರಮ್ಮಾ" ಅನ್ನುತ್ತಿದ್ದರು. ಆ ಮನೆಯಲ್ಲಿ ನನ್ನ ಹೆಸರನ್ನೂ ಯಾರೂ ಕರೆಯುತ್ತಿರಲಿಲ್ಲ ಅನ್ನುವುದು ಈಗ ಬರೆಯುವಾಗ ಹೊಳೆಯುತ್ತಿದೆ. ಅತ್ತೆಗೆ ನಾನು "ಏ ಹುಡುಗಿ", ಗಂಡನಿಗೆ "ಕೇಳಿಲ್ಲಿ".

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಎರಡನೇ ಸಲ ಗರ್ಭಿಣಿಯಾಗಿದ್ದಾಗ ಮಾವನವರು ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನನ್ನ ಅಪ್ಪ ಹೋದಾಗ ಅತ್ತಷ್ಟೇ ನಾನು ಅತ್ತುಬಿಟ್ಟೆ. ಅವರು ಹೋದ ಎರಡು ಮೂರು ತಿಂಗಳಿಗೆ ಮನೆಯಲ್ಲೇ ಹೆರಿಗೆಯಾಯಿತು. ಎರಡನೆಯದಕ್ಕೆ ತವರಿಗೆ ಹೋಗುವುದು ಅಷ್ಟು ರೂಢಿಯಿಲ್ಲ, ಮೇಲಾಗಿ ಅತ್ತೆಯನ್ನು ಒಂಟಿ ಬಿಟ್ಟು ಹಂಪಸಾಗರಕ್ಕೆ ಹೋಗಲು ಮನಸ್ಸೂ ಬರಲಿಲ್ಲ. ನರ್ಸಮ್ಮ "ಗಂಡು" ಅಂದ ಕೂಡಲೇ ಹೊಸ್ತಿಲಾಚೆ ನಿಂತಿದ್ದ ಅತ್ತೆಯ ದನಿ ಕೇಳಿಸಿತು.

"ಬಂದ್ರಲ್ಲಾ!" ಅಂದರು ಅವರು. "ಬಂದ್ರು ನೋಡು. ಅವ್ರ ಬಂದ್ರು."

ನನಗೆ ಮೈಯೆಲ್ಲ ಬೆವರು, ಕಣ್ಣು ಬಿಡಲೂ ತ್ರಾಣವಿರಲಿಲ್ಲ. ಆದರೂ ಅಷ್ಟು ಅರ್ಥವಾಯಿತು. ಕೂಸಿನ ಮುಖ ನಾನು ನೋಡುವ ಮೊದಲೇ ಅದರ ಹೆಸರು ತೀರ್ಮಾನವಾಗಿ ಹೋಗಿತ್ತು.

ನಾನೂ ಒಂದು ಹೆಸರು ಇಟ್ಟುಕೊಂಡಿದ್ದೆ. ಆ ಒಂಬತ್ತು ತಿಂಗಳೂ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಧೂಳು ಕುಡಿಯುತ್ತಾ, ಒಂದೊಂದೇ ಹೆಸರನ್ನು ಬಾಯಲ್ಲಿ ಆಡಿಸಿ ನೋಡಿ, ಬೇಡ ಅಂತ ಬಿಟ್ಟು, ಕೊನೆಗೆ ಒಂದನ್ನು ಉಳಿಸಿಕೊಂಡಿದ್ದೆ. ಚಿಕ್ಕ ಹೆಸರು. ಯಾರದ್ದೂ ಅಲ್ಲದ್ದು. ನಮ್ಮ ಮನೆಯಲ್ಲಾಗಲಿ ನನ್ನ ಕ್ಲಾಸಿನಲ್ಲಾಗಲಿ ಇಲ್ಲದ್ದು. ಒಲೆಯ ಮುಂದೆ ಕೂತು ಕೂಗಿದರೆ ಬೀದಿಯ ತುದಿಗೆ ಕೇಳಿಸುವಂಥದ್ದು. ಮೊದಲನೆಯವಳು ಹುಟ್ಟಿದಾಗ ಅತ್ತೆ ತಮ್ಮ ಅತ್ತೆಯ ಹೆಸರಿಟ್ಟರು. ಅದನ್ನು ಅವರು ಹೇಳುವಂತಿಲ್ಲ, ಹಾಗಾಗಿ ಅವಳು ಎಲ್ಲರಿಗೂ "ಅವ್ವಿ" ಆದಳು. ಆಗ ನಾನು ಬಾಯಿ ಬಿಡಲಿಲ್ಲ. ಎರಡನೆಯದು ನನ್ನ ಪಾಳಿ ಅಂದುಕೊಂಡಿದ್ದೆ. ಮಾವನವರ ಮೇಲೆ ನನಗೆ ಸಿಟ್ಟಿರಲಿಲ್ಲ, ಅವರ ಹೆಸರಿನ ಮೇಲೂ ಇರಲಿಲ್ಲ. ಹೆತ್ತ ಮಗನನ್ನು ನಾನೇ ಹೆಸರು ಹಿಡಿದು ಕರೆಯಲಾಗದ ಹಾಗೆ ಮಾಡಬೇಡಿ ಅನ್ನುವುದಷ್ಟೇ ನನ್ನ ಬೇಡಿಕೆ.

ಬಾಣಂತನದ ಮಂಚದ ಮೇಲೆ ಕೂತೇ ವಾದ ಮಾಡಿದೆ. "ಅತ್ತೀ, ನೀವು ಕರಿಯಂಗಿಲ್ಲ, ನಾ ಕರಿಯಂಗಿಲ್ಲ. ಕೂಸಿನ ಜತಿ ದಿನಾ ಇರೋರು ನಾವಿಬ್ರ. ಮತ್ತ ಆ ಹೆಸರು ಯಾರು ಕರೀತಾರ್ರಿ?"

"ಊರು ಕರೀತೈತಿ ಬಿಡು."

"ಊರು ಬಂದು ಇವಂಗ ಉಣ್ಣಾಕ ಕರೀತೈತೇನು?"

ಅತ್ತೆ ಧೂಪದ ಕೆಂಡಕ್ಕೆ ಲೋಬಾನ ಹಾಕಿ ಹೊಗೆ ಎಬ್ಬಿಸಿದರು. ಉತ್ತರ ಕೊಡಲು ಮನಸ್ಸಿಲ್ಲದಾಗ ಅವರು ಹೊಗೆ ಜಾಸ್ತಿ ಮಾಡುತ್ತಿದ್ದರು. ಇನ್ನು ನಮ್ಮ ಯಜಮಾನರು. ಹರಪನಹಳ್ಳಿಯ ಒಂದು ಕಚೇರಿಯಲ್ಲಿ ಗುಮಾಸ್ತರು, ದಿನಾ ಹೋಗಿ ಬರುವವರು. ಎರಡು ಕಡೆಯ ಅಹವಾಲನ್ನೂ ಕೇಳಿ, ಷರಟು ಗೂಟಕ್ಕೆ ಹಾಕಿ, "ನೀವ ಇಬ್ರೂ ಕೂತು ಬಗಿಹರಿಸ್ಕೋರಿ" ಅಂದರು. ಕಚೇರಿಯಲ್ಲೂ ಹೀಗೇ ಕೆಲಸ ಮಾಡುತ್ತಾರಾ ಅಂತ ಕೇಳಬೇಕು ಅನಿಸಿತು, ಕೇಳಲಿಲ್ಲ.

ಉಳಿದದ್ದು ನಾದಿನಿ. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಅವಳು ಬಗ್ಗಿ "ಕುರ್ರ್" ಅಂತ ಕಿವಿಯಲ್ಲಿ ಊದಿ ಹೆಸರು ಹೇಳುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅದೊಂದು ತಮಾಷೆ, ವರ್ಷಗಟ್ಟಲೆ ಇಟ್ಟುಕೊಂಡ ಸಿಟ್ಟು ಗುದ್ದಿನಲ್ಲಿ ತೀರಿಸಿಕೊಳ್ಳುವವರೂ ಉಂಟು. ಹಡಗಲಿಯಿಂದ ಹಿಂದಿನ ದಿನವೇ ಬಂದ ನಾದಿನಿಯನ್ನು ಹಿತ್ತಲಿಗೆ ಕರೆದು ಹೇಳಿದೆ. ಜೋರಾಗಿ ಹೇಳುವಾಗ ಅಪ್ಪನ ಹೆಸರನ್ನೇ ಹೇಳು, ಆದರೆ ಕಿವಿಯಲ್ಲಿ ಊದುವಾಗ ನನ್ನ ಹೆಸರನ್ನೂ ಒಂದು ಸಲ ಹೇಳಿಬಿಡು. ಕಿವಿಗೆ ಬಿದ್ದದ್ದು ಬಿದ್ದ ಹಾಗೆ. ನಾಳೆ ನಾನು ಆ ಹೆಸರು ಕರೆದರೆ ಯಾರೂ ಏನೂ ಅನ್ನುವಂತಿಲ್ಲ. ನಾದಿನಿ ನನ್ನ ಕೈ ಹಿಡಿದು "ಆತು ಅತ್ತಿಗೀ" ಅಂದಳು. ನನಗೆ ಅಷ್ಟೇ ಸಾಕಾಗಿತ್ತು. ಅವತ್ತು ಚೆನ್ನಾಗಿ ಊಟ ಮಾಡಿದೆ.

ಮರುದಿನ ಅತ್ತೆ ತೊಟ್ಟಿಲ ಹತ್ತಿರ ಬರಲಿಲ್ಲ. ಗಂಡ ಸತ್ತವರು ಶಾಸ್ತ್ರದ ಹತ್ತಿರ ಬರಬಾರದು ಅಂತ ಬೇರೆ ಯಾರೂ ಹೇಳಬೇಕಾಗಿರಲಿಲ್ಲ, ಅವರೇ ಅಡಿಗೆಮನೆಯಲ್ಲಿ ಹುಗ್ಗಿಯ ಪಾತ್ರೆಯ ಮುಂದೆ ಕೂತಿದ್ದರು. ನಾದಿನಿ ತೊಟ್ಟಿಲಿಗೆ ಬಗ್ಗಿದಳು. ಹೆಂಗಸರು ಗುದ್ದಲು ಶುರುಮಾಡಿದರು. ನಾನು ತೊಟ್ಟಿಲಿಗೆ ಅಂಟಿಕೊಂಡೇ ಕೂತಿದ್ದರಿಂದ ಅವಳ ತುಟಿ ನನ್ನ ಕಿವಿಗೂ ಹತ್ತಿರವಿತ್ತು. ಒಂದು ಸಲ ಮಾವನವರ ಹೆಸರು. ಎರಡನೇ ಸಲವೂ ಅದೇ. ಮೂರನೇ ಸಲವೂ ಅದೇ. ತಲೆ ಎತ್ತಿದಾಗ ಕಣ್ಣು ತುಂಬ ನೀರು, ಗುದ್ದು ತಿಂದದ್ದಕ್ಕೆ ಅಂತ ಎಲ್ಲರೂ ನಕ್ಕರು. ಆಮೇಲೆ ಜೋರಾಗಿ ಹೆಸರು ಹೇಳಿದಳು. ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತದ್ದು ನನಗೆ ಕೇಳಿಸಿತು. ತುಸು ಹೊತ್ತಾದ ಮೇಲೆ ಮತ್ತೆ ಶುರುವಾಯಿತು. ಹುಗ್ಗಿ ಅವತ್ತು ತಳ ಹಿಡಿದಿತ್ತು.

"ಬಾಯಿಗೆ ಅಪ್ಪನ ಹೆಸರ ಬಂತು ಅತ್ತಿಗೀ," ಅಂದಳು ನಾದಿನಿ, ಎಲೆ ಎತ್ತುವಾಗ. "ಅಪ್ಪನ ಹೆಸರು ನಾನೂ ಎಂದೂ ಕರೆದಿದ್ದಿಲ್ಲ ನೋಡು. ಒಮ್ಮೆ ಬಂದ ಮ್ಯಾಲೆ ಬಿಡಾಕ ಆಗ್ಲಿಲ್ಲ." ನನಗೆ ಜಗಳವಾಡಲು ಶಕ್ತಿ ಇರಲಿಲ್ಲ. ಅಪ್ಪ ಸತ್ತ ಹುಡುಗಿಯ ಮೇಲೆ ಏನಂತ ಸಿಟ್ಟು ಮಾಡುವುದು?

ಹೆಸರಿಟ್ಟದ್ದಾಯಿತು. ಈಗ ಕರೆಯುವುದು ಹೇಗೆ? ಇಂಥ ಮನೆಗಳಲ್ಲಿ ಕರೆಯುವ ಹೆಸರು ಒಂದು ಬೇರೆ ಇಟ್ಟುಕೊಳ್ಳುತ್ತಾರೆ. ಗುಂಡ, ಪುಟ್ಟ, ಚಿನ್ನಪ್ಪ, ಏನೋ ಒಂದು. ಎದುರು ಮನೆಯಾಕೆ ಮೊದಲ ವಾರವೇ "ಎಲ್ಲದಾನ ನಮ್ಮ ಗುಂಡ?" ಅಂತ ಒಳಗೆ ಬಂದಳು. ಅತ್ತೆ ಕೆಂಡವಾದರು. "ಯಾರನ್ನ ಗುಂಡ ಅಂತೀ? ಇಷ್ಟು ವರ್ಷ ನಮ್ಮನಿಯವರನ್ನ ಲೇ ಅಂದೋರಿಲ್ಲ ಈ ಊರಾಗ!" ಪಾಪ, ಆಕೆ ಕೂಸನ್ನು ನೋಡದೆಯೇ ಹೋದಳು. ಪುಟ್ಟ ಅಂದರೆ ಸಣ್ಣವರನ್ನಾಗಿ ಮಾಡಿದಂತೆ, ಚಿನ್ನ ಅಂದರೆ ಮುದ್ದು ಮಾಡಿದಂತೆ, ಎರಡೂ ಅತ್ತೆಗೆ ಒಪ್ಪಿಗೆಯಿಲ್ಲ. ಗಂಡನಿಗೆ ಇಡುವಂಥ ಅಡ್ಡಹೆಸರು ಯಾವುದಾದರೂ ಇದ್ದರೆ ಹೇಳು ಅನ್ನುವ ಹಾಗಿತ್ತು ಅವರ ಮುಖ.

ಅವರು ಆ ಕೂಸಿಗೆ ಬಹುವಚನದಲ್ಲಿ ಮಾತಾಡುತ್ತಿದ್ದರು. "ಎದ್ರೇನು? ಹಸಿವಾತೇನು? ತಡೀರಿ, ಬಂದ್ಲು ನಿಮ್ಮ ಸೊಸಿ." ಸೊಸೆ ಅಂದರೆ ನಾನು. ಕೂಸು ಹಾಲು ಕುಡಿಯುವ ತನಕ ಅವರು ತಾವು ತುತ್ತು ಎತ್ತುತ್ತಿರಲಿಲ್ಲ. ಅದು ನೆಲದ ಮೇಲೆ ಆಡುತ್ತಿದ್ದರೆ ಇವರು ಮಂಚದ ಮೇಲೆ ಕೂರುತ್ತಿರಲಿಲ್ಲ. ಬೀದಿಯ ಹೆಂಗಸರಿಗೆ ಒಳ್ಳೆಯ ಮೋಜಾಯಿತು. "ಟೀಚರ್, ನಿಮ್ಮ ಮಾವ ಮತ್ತ ಉಚ್ಚಿ ಹೊಯ್ಕೊಂಡಾರ ನೋಡ್ರಿ" ಅಂತ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. ನಾನೂ ನಗುತ್ತಿದ್ದೆ. ಒಗೆಯುವವಳೂ ನಾನೇ.

ಯಜಮಾನರು "ಅಪ್ಪಾರೇ" ಅನ್ನುತ್ತಿದ್ದರು. ಅಪ್ಪನ ಹೆಸರು ಹಿಡಿದು ಲೇ ಅನ್ನುವುದು ಅವರಿಗೂ ಆಗದು. ಮಗಳು "ತಮ್ಮ" ಅನ್ನುತ್ತಿದ್ದಳು. ನಾನು? ಬೆಳಿಗ್ಗೆ ನಲ್ಲಿಯ ಮುಂದೆ ಕೊಡ ಪಾಳಿಗೆ ಇಟ್ಟು, ರೊಟ್ಟಿ ಬಡಿದು, ಮಗಳ ಜಡೆ ಹಾಕಿ, ಬಸ್ಸಿಗೆ ಓಡಿ, ಸಂಜೆ ಬಸ್ಸು ಕೈಕೊಟ್ಟರೆ ಲಾರಿ ಹತ್ತಿ ಬಂದು ಮತ್ತೆ ಒಲೆ ಹಚ್ಚುವವಳಿಗೆ ಹೊಸ ಹೆಸರು ಹುಡುಕುವ ತ್ರಾಣ ಎಲ್ಲಿಂದ ಬರಬೇಕು? "ಇವನೇ" ಅಂತ ಕರೆದೆ. ಬಾ ಇವನೇ. ಉಣ್ಣು ಇವನೇ. ಅಷ್ಟರಲ್ಲೇ ದಿನಗಳು ಸಾಗಿದವು. ಸುಸ್ತಾದವರ ಮನೆಯಲ್ಲಿ ತಾತ್ಕಾಲಿಕ ಅಂದುಕೊಂಡದ್ದೆಲ್ಲ ಕಾಯಂ ಆಗಿಬಿಡುತ್ತದೆ.

ಹುಡುಗನಿಗೆ ಮೂರು ತುಂಬಿ ಮಾತು ಚೆನ್ನಾಗಿ ಬಂದಿತ್ತು. ಇಟ್ಟಿಗಿಯಲ್ಲಿ ನಮ್ಮ ಸಂಬಂಧಿಕರ ಮದುವೆ. ಚಪ್ಪರದ ಕೆಳಗೆ ಒಬ್ಬ ಹಿರಿಯರು ಅವನನ್ನು ಹತ್ತಿರ ಕರೆದು ಕೈಗೆ ಬಾಳೆಹಣ್ಣು ಕೊಟ್ಟು, "ಏನಪ್ಪಾ ನಿನ್ನ ಹೆಸರು?" ಅಂದರು. ಅವನು ಹಣ್ಣು ಸುಲಿಯುತ್ತಾ ತಡವರಿಸದೆ ಹೇಳಿದ.

"ಇವ್ನ."

"ಯಾವ್ನ?"

"ಇವ್ನ ಅಂತಾರ ನಂಗ."

ಸುತ್ತ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಅವನಿಗೂ ಖುಷಿಯಾಗಿ ಇನ್ನೊಂದು ಸಲ ಹೇಳಿದ. ಊರ ಮಕ್ಕಳಿಗೆಲ್ಲ ಹೆಸರು ಬರೆಯಲು ಕಲಿಸುವವಳು ನಾನು, ನನ್ನ ಮಗನಿಗೆ ಹೆಸರೇ ಇಲ್ಲ. ಸಿಟ್ಟು ಬಂತು, ಅಳು ಬಂತು, ಎರಡನ್ನೂ ನುಂಗಿ ಊಟದ ಪಂಕ್ತಿಯಲ್ಲಿ ಕೂತೆ. ಏನು ಬಡಿಸಿದರೋ ನೆನಪಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು. ಹುಡುಗ ನನ್ನ ತೊಡೆಯ ಮೇಲೆ ನಿಂತು ಕಿಟಕಿಯಿಂದ ಹೊಲ ನೋಡುತ್ತಿದ್ದ. ಅಂದು ಎಷ್ಟೋ ದಿನವಾದ ಮೇಲೆ ನಾನು ಉಳಿಸಿಕೊಂಡ ಆ ಚಿಕ್ಕ ಹೆಸರನ್ನು ಅವನ ಕಿವಿಯ ಹತ್ತಿರ ಕರೆದೆ. ಅವನು ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ಆಗ ತಿರುಗಿ ನನ್ನನ್ನು ನೋಡಿದ, ಆಮೇಲೆ ನನ್ನ ಹಿಂದೆ ನೋಡಿದ, ಅಲ್ಲಿ ಯಾರಿದ್ದಾರೆ ಅಂತ. "ಯಾರಬೇ ಅವ?" ಅಂದ. "ಯಾರೂ ಇಲ್ಲ" ಅಂದೆ. ಆ ಹೆಸರಿನ ಕಥೆ ಅಲ್ಲಿಗೆ ಮುಗಿಯಿತು. ನಾನು ಅದನ್ನು ಮತ್ತೆ ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಮನೆಗೆ ಬಂದು ಚೀಲ ಇಳಿಸಿದ ಮೇಲೆ ಅತ್ತೆಯ ಮೇಲೆ ಹಾಯ್ದೆ. ಮದುವೆಯಾಗಿ ಬಂದಾಗಿನಿಂದ ಅಷ್ಟು ದನಿ ಎತ್ತಿರಲಿಲ್ಲ. "ನಿಮ್ಮ ಹಟಕ್ಕ ನನ್ನ ಮಗ ಮಂದಿ ಮುಂದ ನಗಿಪಾಟ್ಲ ಆದ. ಯಾರೂ ಕರೀಲಾರದ ಹೆಸರು ಇಟ್ಟು ಏನು ಬಂತ್ರಿ ನಿಮಗ? ಮ್ಯಾಲೆ ಕಟ್ಟಿ ಇಡಾಕ ಅದೇನು ಗಂಟೇನ್ರಿ?"

ಅತ್ತೆ ತಿರುಗಿ ಬೀಳುತ್ತಾರೆ ಅಂದುಕೊಂಡೆ. ಅವರು ಗೋಡೆಗೆ ಒರಗಿ ಕೂತರು.

"ನಿಂಗ ಒಡಪು ಹೇಳು ಅಂತ ಇನ್ನೂ ಕೇಳ್ತಾರ," ಅಂದರು. "ನನ್ನ ಯಾರು ಕೇಳ್ತಾರ ಹೇಳು?"

ನನಗೆ ತಕ್ಷಣ ಏನೂ ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಗಂಡನ ಹೆಸರು ಹೇಳಬಾರದ ನಮ್ಮ ಹೆಂಗಸರಿಗೆ ಒಂದೇ ಒಂದು ಕಿಂಡಿ ಇತ್ತು. ಮದುವೆ, ಆರತಿ, ಸೀಮಂತ ಅಂದರೆ ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೇ ಒಳಗೆ ಬಿಡುತ್ತೇವೆ ಅಂತ ಹಟ ಮಾಡುತ್ತಾರೆ. ಆಗ ಪ್ರಾಸ ಕಟ್ಟಿ, ನಾಚಿಕೊಂಡು, ಕೊನೆಯ ತುದಿಯಲ್ಲಿ ಹೆಸರು ಹೇಳಿ ಒಳಗೆ ಓಡಬೇಕು. ಅದೇ ಒಡಪು. ನಾನು ಹೊಸದಾಗಿ ಬಂದಾಗ ನೋಡಿದ್ದೆ, ಅತ್ತೆಯದು ಅದರಲ್ಲಿ ದೊಡ್ಡ ಹೆಸರು. ಪ್ರತಿ ಸಲ ಹೊಸತು ಕಟ್ಟುತ್ತಿದ್ದರು. ಹೊಲದಿಂದ ಹಿಡಿದು ಕಾಳು ತುಂಬುವ ಹಗೇವಿನ ತನಕ ಸುತ್ತಿಸಿ, ಹೆಂಗಸರನ್ನು ಕಾಯಿಸಿ, ಇನ್ನೇನು ಹೇಳಿದರು ಅನ್ನುವಾಗ ಇನ್ನೊಂದು ಸುತ್ತು ತಿರುಗಿಸಿ, ಕೊನೆಗೆ ಆ ಹೆಸರು ಹೇಳುತ್ತಿದ್ದರು. ಮಾವನವರು ಹೊರಗೆ ಕಟ್ಟೆಯ ಮೇಲೆ ಕೂತು ಕೇಳಿಸದವರ ಹಾಗೆ ನಟಿಸುತ್ತಿದ್ದರು. ಮಾವನವರು ಹೋದ ಮೇಲೆ ಯಾವ ಬಾಗಿಲಲ್ಲೂ ಯಾರೂ ಅವರಿಗೆ ಅಡ್ಡ ನಿಲ್ಲಲಿಲ್ಲ. ಗಂಡನಿಲ್ಲದವರನ್ನು ಒಡಪು ಕೇಳುವುದಿಲ್ಲ.

"ನಾ ಅನ್ನಂಗಿಲ್ಲ, ಹೋಗ್ಲಿ," ಅಂದರು ಅತ್ತೆ. "ಕಿವಿಗರ ಬೀಳ್ಲಿ ಅಂತ ಇಟ್ಟೆ. ಮನ್ಯಾಗ ದಿನಾ ಯಾರರ ಒಬ್ರು ಕೂಗ್ತಿರ್ತಾರ, ನಾ ಒಲಿ ಮುಂದ ಕೂತು ಕೇಳ್ತೀನಿ ಅಂದ್ಕೊಂಡೆ. ಯಾರೂ ಕೂಗಂಗಿಲ್ಲ ಅಂತ ಹೊಳೀಲೇ ಇಲ್ಲ ನಂಗ."

ಆ ಮನೆಯಲ್ಲಿ ಒಂದು ಹೆಸರಿಗಾಗಿ ಇಬ್ಬರು ಹೆಂಗಸರು ಹಸಿದು ಕೂತಿದ್ದೆವು. ಅವರಿಗೆ ಬೇಕಾದದ್ದನ್ನು ನಾನು ಕೊಡಲಾರೆ, ನನಗೆ ಬೇಕಾದದ್ದನ್ನು ಅವರು ಕೊಡಲಿಲ್ಲ. ಎದ್ದು ಹೋಗಿ ಚಹಾಕ್ಕೆ ಇಟ್ಟೆ. ಇಬ್ಬರೂ ಕುಡಿದೆವು.

ಎಂಬತ್ತರ ಹೊತ್ತಿಗೆ ಹುಡುಗ ಶಾಲೆಗೆ ಬಂದ. ಅವನನ್ನು ನನ್ನ ಶಾಲೆಗೇ ಕರೆದುಕೊಂಡು ಹೋಗುವುದೆಂದಾಯಿತು. ಅತ್ತೆಗೆ ಅವನ ಹಿಂದೆ ಓಡಲು ಮಂಡಿ ಒಪ್ಪುತ್ತಿರಲಿಲ್ಲ. ಎಣಿಕೆಯನ್ನು ಅವರು ಮನೆಯಲ್ಲೇ ಕಲಿಸಿದ್ದರು, ಅವನು ಲಾಭ, ಎರಡು, ಮೂರು ಅಂತಲೇ ಎಣಿಸುತ್ತಿದ್ದ. ಹೆಸರು ಬರೆಸಿದ್ದೂ ಆಗಿತ್ತು, ನನ್ನ ಕೈಯಾರೆ ನಾನೇ ಹಾಜರಿ ಪುಸ್ತಕದಲ್ಲಿ ಬರೆದಿದ್ದೆ. ಮೊದಲ ದಿನ ನಾನು ಚೀಲ ಹೆಗಲಿಗೆ ಹಾಕಿಕೊಳ್ಳುವಾಗ ಅತ್ತೆ ಮಡಿಸಿಟ್ಟ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದರು.

"ನಾನೂ ಬರ್ತೀನಿ."

"ಅಲ್ಲಿ ಏನು ಮಾಡ್ತೀರಿ ಅತ್ತೀ, ಮಂಡಿನೋವು..."

"ಹೊರಗ ಕುಂದ್ರತೀನಿ. ನಿನ್ನ ಪಾಠಕ್ಕ ಅಡ್ಡ ಬರಂಗಿಲ್ಲ."

ಯಾಕೆ ಬರುತ್ತಿದ್ದಾರೆ ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಬಸ್ಸಿನಲ್ಲಿ ಹುಡುಗ ಇಬ್ಬರ ನಡುವೆ ಕೂತಿದ್ದ. ಶಾಲೆಯ ಹೆಸರಿನ ಪಟ್ಟಿಯಲ್ಲಿ ಇರುವುದನ್ನು ಕರೆಯಲೇಬೇಕು ಅನ್ನುವುದನ್ನು ಅವರು ಯಾವಾಗಲೋ ಲೆಕ್ಕ ಹಾಕಿದ್ದರು. ಮನೆಯಲ್ಲಿ ಸೊಸೆ ಕರೆಯಬಾರದು, ಸರಿ. ಕುರ್ಚಿಯಲ್ಲಿ ಕೂತ ಟೀಚರ್ ಏನು ಮಾಡುತ್ತಾಳೆ? ಅದನ್ನು ನೋಡಲು ಅವರು ಬಂದಿದ್ದರು.

ಮಕ್ಕಳು ನೆಲದ ಮೇಲೆ ಸಾಲಾಗಿ ಕೂತರು. ನನ್ನ ಮಗ ಮೊದಲ ಸಾಲಿನಲ್ಲಿ ಹೊಸ ಸ್ಲೇಟು ತೊಡೆಯ ಮೇಲಿಟ್ಟುಕೊಂಡು ಕೂತ. ಅತ್ತೆ ಜಗಲಿಯಲ್ಲಿ, ತೆರೆದ ಬಾಗಿಲ ಪಕ್ಕ, ಗೋಡೆಗೆ ಬೆನ್ನು ಕೊಟ್ಟು ಕೂತರು. ಅವರ ಸೆರಗಿನ ತುದಿ ಮಾತ್ರ ನನಗೆ ಕಾಣಿಸುತ್ತಿತ್ತು. ಹಾಜರಿ ಶುರುಮಾಡಿದೆ. ಮೊದಲ ಹೆಸರು, ಎರಡನೆಯದು, ಮಕ್ಕಳು "ಬಂದೀನ್ರೀ" ಅನ್ನುತ್ತಾ ಹೋದರು. ಒಂದೊಂದು ಹೆಸರು ದಾಟಿದ ಹಾಗೆ ಆ ಹೆಸರು ಹತ್ತಿರ ಬಂತು. ಮನೆತನದ ಹೆಸರು ಹೇಳಿ ನನ್ನ ಮಗನನ್ನೂ ದಾಟಿಬಿಡಬಹುದಿತ್ತು, ಆ ದಾರಿ ನನಗೆ ಅಭ್ಯಾಸವಾಗಿತ್ತು. ಹಾಗೆ ಮಾಡಿದ್ದರೆ ಅತ್ತೆ ಒಂದು ಮಾತೂ ಆಡುತ್ತಿರಲಿಲ್ಲ, ಎದ್ದು ಸೀರೆ ಕೊಡವಿಕೊಂಡು ಮನೆಗೆ ಬರುತ್ತಿದ್ದರು. ಅದು ನನಗೆ ಗೊತ್ತಿತ್ತು.

ಧೈರ್ಯ ಬಂತು ಅಂತ ಹೇಳಿದರೆ ಸುಳ್ಳು. ನನಗೆ ಸಾಕಾಗಿತ್ತು, ಅಷ್ಟೇ. ಇಷ್ಟು ವರ್ಷ ಒಂದು ಹೆಸರನ್ನು ಸುತ್ತು ಹಾಕಿ ಸುತ್ತು ಹಾಕಿ ಓಡಾಡಿದ್ದು ಸಾಕಾಗಿತ್ತು. ಮಾವನವರು "ಹೇಳಿದ್ರ ನಾ ಏನು ಸಾಯ್ತಿದ್ದೆನಾ?" ಅಂದದ್ದು ನೆನಪಾಯಿತು. ಈಗ ಸಾಯಲಿಕ್ಕೆ ಅವರಂತೂ ಇಲ್ಲ. ಬಾಯಿ ತೆರೆದೆ. ಆ ಹೆಸರನ್ನು, ಇಡೀ ಹೆಸರನ್ನು, ಜಗಲಿಗೆ ಕೇಳಿಸುವಷ್ಟು ಜೋರಾಗಿ ಕೂಗಿದೆ.

ಮಗ ಸ್ಲೇಟಿನ ಅಂಚು ಉಜ್ಜುತ್ತಾ ಕೂತಿದ್ದ, ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡ. ಇನ್ನೊಂದು ಸಲ ಕೂಗಿದೆ. ಎರಡನೇ ಸಲ ಅಷ್ಟು ಕಷ್ಟವಾಗಲಿಲ್ಲ.

ಆಗ ಹೊರಗಿನಿಂದ ಉತ್ತರ ಬಂತು.

"ಅದಾರ್ರೀ. ಇಲ್ಲೇ ಅದಾರ."

ಮಕ್ಕಳೆಲ್ಲ ಬಾಗಿಲ ಕಡೆ ತಿರುಗಿ ಹೋ ಅಂತ ನಕ್ಕರು. ನನ್ನ ಮಗನೂ ನಕ್ಕ, ಅವನದೇ ಸುದ್ದಿ ಅಂತ ತಿಳಿಯದೆ. ನಾನು ಹಾಜರಿ ಹಾಕಿ ಮುಂದಿನ ಹೆಸರು ಕೂಗಬೇಕಿತ್ತು, ಅಕ್ಷರ ಕಾಣಿಸಲಿಲ್ಲ. ಕಣ್ಣು ಒರೆಸಿಕೊಂಡು, ಎದ್ದು ಅವನ ಮುಂದೆ ಕೂತು, ಅವನ ಸ್ಲೇಟಿನ ಮೇಲೆ ಆ ಹೆಸರು ಬರೆದು, ಇದು ನೀನು ಅಂತ ಹೇಳಿದೆ. ಅವನು ಅದನ್ನು ಸ್ವಲ್ಪ ಹೊತ್ತು ನೋಡಿ, "ಇಷ್ಟುದ್ದ?" ಅಂದ.

ಸಂಜೆ ಬರುವಾಗ ಅತ್ತೆ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದರು. ಅವರು ಕಣ್ಣು ಮುಚ್ಚಿ ಅಷ್ಟು ನಿಶ್ಚಿಂತೆಯಾಗಿ ಮಲಗಿದ್ದನ್ನು ಮಾವನವರು ಹೋದ ಮೇಲೆ ನಾನು ನೋಡಿರಲಿಲ್ಲ. ಮನೆಗೆ ಬಂದು ಇಬ್ಬರೂ ಎಂದಿನ ಹಾಗೆ ಅಡಿಗೆ ಮಾಡಿದೆವು.

ಮರುದಿನ ಬೆಳಿಗ್ಗೆ ಎಂದಿನ ಗಡಿಬಿಡಿ. ನಲ್ಲಿ ನಿಲ್ಲುವ ಹೊತ್ತು, ರೊಟ್ಟಿ ಅರ್ಧ ಆಗಿದೆ, ಸ್ನಾನದ ನೀರು ಕಾದು ಆರುತ್ತಿದೆ, ಹುಡುಗ ಇನ್ನೂ ಚಾಪೆಯ ಮೇಲೆ. ನನಗೆ ಎದ್ದು ಹೋಗಿ ಅಲುಗಾಡಿಸಲು ಸೊಂಟ ಒಪ್ಪಲಿಲ್ಲ. ಒಲೆಯ ಮುಂದೆ ಕೂತಲ್ಲಿಂದಲೇ ಕೂಗಿದೆ. "ಇವನೇ" ಅನ್ನಲಿಲ್ಲ. ಆ ಹೆಸರನ್ನೇ ಕೂಗಿದೆ, ಬೀದಿಯ ತುದಿಗೆ ಕೇಳಿಸುವ ಹಾಗೆ. ಕೂಗಿದ ಮೇಲೆ ನನಗೇ ದಿಗಿಲಾಗಿ ಹಿತ್ತಲ ಕಡೆ ನೋಡಿದೆ. ಅತ್ತೆ ಅಲ್ಲಿ ಅಕ್ಕಿಯ ಮೊರ ಹಿಡಿದು ಕೂತಿದ್ದರು, ಕೈ ನಿಂತಿತ್ತು.

"ಇನ್ನೊಂದ್ಸಲ ಕೂಗಬೇ," ಅಂದರು, ತಲೆ ಎತ್ತದೆ. "ಹುಡುಗಗ ಕೇಳ್ಸಿಲ್ಲ."

ಹುಡುಗ ಆಗಲೇ ಎದ್ದು ಕೂತು ಕಣ್ಣುಜ್ಜುತ್ತಿದ್ದ. ಅದು ಅವರಿಗೂ ಕಾಣಿಸುತ್ತಿತ್ತು. ನಾನು ಇನ್ನೊಂದು ಸಲ ಕೂಗಿದೆ.